ಐಕಾನ್ ಶಾಸ್ತ್ರದಲ್ಲಿ ಅಭಾವ ಪ್ರಕರಣ

ಶಾಸ್ತ್ರವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಬಾಗಿಲಲ್ಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇನೆ. ವಿಷಯ: ಕಂಪ್ಯೂಟರಿನ ಡೆಸ್ಕ್‌ಟಾಪಿನಲ್ಲಿ ಕೂರುವ ಐಕಾನು, ಅದರಲ್ಲೂ ಪಿಎನ್‌ಜಿ ಎಂಬ ಪಾರದರ್ಶಕ ಚಿತ್ರಕಡತದಲ್ಲಿ ಕುಸುರಿ ಮಾಡಿ ಬಿಡಿಸಿದ ಐಕಾನು. ಪ್ರಯೋಜನ: ಅಷ್ಟೇನಿಲ್ಲ. ಸಂಬಂಧ: ಇಪ್ಪತ್ತು ವರ್ಷದಿಂದ ಈ ಶಾಸ್ತ್ರಕಾರನ ಮನೆಯ ಅಕ್ಕಿಬೇಳೆ ಅದರಿಂದಲೇ ಬರುತ್ತಿದೆ. ಅಧಿಕಾರಿ, ಅಂದರೆ ಇದನ್ನು ಓದಲು ತಕ್ಕವನು: ಪರದೆಯನ್ನು ಎಂಟು ಪಟ್ಟು ಹಿಗ್ಗಿಸಿಕೊಂಡು, ಮೂಲೆಯ ಒಂದೇ ಒಂದು ಬೂದು ಚುಕ್ಕಿ ಇರಬೇಕೋ ಬೇಡವೋ ಎಂಬ ಚಿಂತೆಯಲ್ಲಿ ಮಧ್ಯಾಹ್ನದ ಊಟ ಮರೆತವನು. ಉಳಿದವರು ಓದಿದರೆ ದೋಷವಿಲ್ಲ, ಪುಣ್ಯವೂ ಇಲ್ಲ.

ಮೊದಲು ಲಕ್ಷಣ. ತಾರ್ಕಿಕರು ಲಕ್ಷಣಕ್ಕೆ ಮೂರು ದೋಷ ಹೇಳಿದ್ದಾರೆ. ಮೂರರಲ್ಲೂ ಬಿದ್ದು ಎದ್ದೇ ಬರೋಣ. ‘ಐಕಾನೆಂದರೆ ಸಣ್ಣ ಚಿತ್ರ’ ಎಂದರೆ ಅತಿವ್ಯಾಪ್ತಿ, ಏಕೆಂದರೆ ಅಂಚೆಚೀಟಿಯೂ ಬೆಂಕಿಪೊಟ್ಟಣದ ಮೇಲಿನ ಚಿತ್ರವೂ ಸಣ್ಣವೇ. ‘ಒತ್ತಿದರೆ ಏನಾದರೂ ತೆರೆದುಕೊಳ್ಳುವ ಚಿತ್ರ’ ಎಂದರೆ ಅವ್ಯಾಪ್ತಿ. ಎಷ್ಟು ಒತ್ತಿದರೂ ತೆರೆದುಕೊಳ್ಳದ ಐಕಾನುಗಳು ಪ್ರತಿ ಕಚೇರಿಯಲ್ಲೂ ಇವೆ. ‘ತಾನೇನೆಂದು ತಾನೇ ಹೇಳುವ ಚಿತ್ರ’ ಎಂಬುದು ಅಸಂಭವ. ಹಾಗಿದ್ದಿದ್ದರೆ ಪ್ರತಿಯೊಂದರ ಕೆಳಗೂ ಹೆಸರು ಬರೆಯುವ ಗತಿ ಬರುತ್ತಿರಲಿಲ್ಲ. ಆದ್ದರಿಂದ ಸಿದ್ಧಾಂತ ಲಕ್ಷಣ ಇದು: ಚೌಕದೊಳಗೆ ಹುಟ್ಟಿ, ಚೌಕದೊಳಗೇ ಇದ್ದು, ತಾನು ಚೌಕವೆಂದು ತೋರಗೊಡದಿರುವುದೇ ಐಕಾನು. ಎಲ್ಲ ಚಿತ್ರಕಡತಗಳೂ ಜಾತಿಯಲ್ಲಿ ಆಯತ. ಬಕೆಟ್ಟಿನ ಚಿತ್ರ ಬಕೆಟ್ಟಿನ ಆಕಾರದಲ್ಲೇ ಕಂಡರೆ, ಸುತ್ತಲಿನ ಖಾಲಿ ಜಾಗವನ್ನು ಯಾರೋ ಕೂತು ಸಾಕಿ ಬೆಳೆಸಿದ್ದಾರೆ ಎಂದೇ ಅರ್ಥ. ಈ ಗ್ರಂಥ ಆ ಖಾಲಿ ಜಾಗದ ಕುರಿತಾದದ್ದು. ಬಕೆಟ್ಟನ್ನು ಯಾರು ಬೇಕಾದರೂ ಬರೆದಾರು.

ಇನ್ನು ಗುರುಪರಂಪರೆ. ಐಕಾನ್ ಎಂಬ ಮಾತನ್ನು ಈ ಅರ್ಥದಲ್ಲಿ ಚಲಾವಣೆಗೆ ತಂದವರು ಡೇವಿಡ್ ಕ್ಯಾನ್‌ಫೀಲ್ಡ್ ಸ್ಮಿತ್, 1975ರಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪಿಎಚ್‌ಡಿ ಪ್ರಬಂಧದಲ್ಲಿ. ಮುಂದೆ ಜೆರಾಕ್ಸ್ ಕಂಪನಿಯ ಸ್ಟಾರ್ ಎಂಬ ಯಂತ್ರವನ್ನು ರೂಪಿಸಿದವರಲ್ಲಿ ಅವರೂ ಇದ್ದರು. ನಮ್ಮಲ್ಲಿ ಜೆರಾಕ್ಸ್ ಎಂದರೆ ತಾಲ್ಲೂಕು ಕಚೇರಿಯ ಎದುರಿನ ಅಂಗಡಿ. ಅಲ್ಲಿ ಅದು ಡೆಸ್ಕ್‌ಟಾಪಿನ ತವರುಮನೆ. 1981ರಲ್ಲಿ ಬಂದ ಸ್ಟಾರ್ ಯಂತ್ರದ ಪರದೆಯ ಮೇಲೆ ಕಾಗದ, ಫೋಲ್ಡರು, ಬಂದ ಟಪಾಲಿನ ತಟ್ಟೆ, ಹೋಗುವ ಟಪಾಲಿನ ತಟ್ಟೆ ಎಲ್ಲ ಇದ್ದವು. ಅಂದರೆ ಅಮೆರಿಕದ ಒಬ್ಬ ಗುಮಾಸ್ತನ ಮೇಜು ಇದ್ದ ಹಾಗೇ ಗಾಜಿನೊಳಗೆ ಹೋಗಿ ಕೂತಿತು, ಮತ್ತು ಅಲ್ಲಿಂದ ಇನ್ನೂ ಎದ್ದಿಲ್ಲ.

ಇಲ್ಲೊಂದು ಅಪ್ರಸ್ತುತ ಪ್ರಸಂಗ. ಆ ಹಳದಿ ಫೋಲ್ಡರಿನ ಒಳಗಿರುವುದನ್ನು ನಾವು ಕನ್ನಡದಲ್ಲಿ ‘ಕಡತ’ ಎನ್ನುತ್ತೇವೆ. ಹಳೆಯ ಕಡತವೆಂದರೆ ಬಟ್ಟೆ. ಹುಣಸೆಬೀಜದ ಅಂಟಿಗೆ ಇದ್ದಿಲು ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಮತ್ತೆ ಬರೆಯುತ್ತಿದ್ದರು. ಕಪ್ಪು ನೆಲ, ಬಿಳಿ ಅಕ್ಷರ, ಅಳಿಸುವ ಸೌಕರ್ಯ: ಕಂಪ್ಯೂಟರಿಗೆ ಇದಕ್ಕಿಂತ ಹತ್ತಿರದ ನೆಂಟ ಇನ್ನೊಂದಿಲ್ಲ. ಆದರೆ ಅದರ ಐಕಾನನ್ನು ಯಾರೂ ಬರೆಯಲಿಲ್ಲ. ನಾನು ಒಮ್ಮೆ ಬರೆದೆ. 48 ಪಿಕ್ಸೆಲಿನಲ್ಲಿ ಅದು ಅಸ್ಫಾಲ್ಟು ರಸ್ತೆಯ ತುಂಡಿನಂತೆ ಕಂಡಿತು.

ಪ್ರಸ್ತುತಕ್ಕೆ ಬರೋಣ. 1984ರ ಮ್ಯಾಕಿಂತೋಶ್‌ಗೆ ಐಕಾನು ಬರೆದ ಸೂಸನ್ ಕೇರ್ ಈ ಶಾಸ್ತ್ರದ ಆದ್ಯ ಆಚಾರ್ಯೆ. ಗ್ರಾಫ್ ಪುಸ್ತಕ ಕೊಂಡು, ಅಡ್ಡ 32 ಉದ್ದ 32 ಮನೆ ಎಣಿಸಿ, ಒಟ್ಟು 1,024 ಮನೆಗಳಲ್ಲಿ ತುಂಬಬೇಕಾದ್ದನ್ನು ತುಂಬಿ ಬಿಡಬೇಕಾದ್ದನ್ನು ಬಿಟ್ಟರು. ನಗುವ ಕಂಪ್ಯೂಟರು, ಬಾಂಬು, ಕಸದ ಡಬ್ಬಿ ಹುಟ್ಟಿದ್ದು ಹೀಗೆ. ಆ ಪುಸ್ತಕಗಳು ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಆಸ್ತಿ. ಚುಕ್ಕಿ ಇಟ್ಟು ರಂಗೋಲಿ ಹಾಕಿದ ಕೈಗೂ, ಬಟ್ಟೆಯ ಎಳೆ ಎಣಿಸಿ ಕಸೂತಿ ಹಾಕಿದ ಧಾರವಾಡದ ಕೈಗೂ ಈ ವಿದ್ಯೆ ಹೊಸತೇನಲ್ಲ. ಎರಡರಲ್ಲೂ ಎಣಿಕೆ ತಪ್ಪಿದರೆ ನವಿಲು ಕೋಳಿಯಾಗುತ್ತದೆ. ಕೇರ್ ಅವರಿಗಿದ್ದದ್ದು ಕಪ್ಪು, ಬಿಳುಪು ಎರಡೇ. ಐಕಾನು ಯಾವ ನೆಲದ ಮೇಲೆ ಕೂತರೂ ತನ್ನ ಆಕಾರ ಉಳಿಸಿಕೊಳ್ಳಲೆಂದು ಅದರ ಜೊತೆಗೆ ಮುಸುಕು ಎಂಬ ಇನ್ನೊಂದು ಚಿತ್ರವಿರುತ್ತಿತ್ತು: ಎಲ್ಲಿ ವಸ್ತು, ಎಲ್ಲಿ ಬಯಲು ಎಂದು ಹೇಳುವ ನಕ್ಷೆ.

ವಿಂಡೋಸ್ ಪಂಥದವರು ಇದನ್ನೇ ನಾಲ್ಕು ಕೋಟಿಯ ತರ್ಕವಾಗಿ ಬೆಳೆಸಿದರು. ಅವರ ಹಳೆಯ ಐಕಾನ್ ಕಡತದಲ್ಲಿ ಪ್ರತಿ ಬಿಂದುವಿಗೂ ಎರಡು ಮಾತು, ಒಂದು ಮುಸುಕಿನದು, ಒಂದು ಬಣ್ಣದ್ದು. ಮುಸುಕು ಸೊನ್ನೆ, ಬಣ್ಣ ಸೊನ್ನೆಯಾದರೆ ಕಪ್ಪು. ಮುಸುಕು ಸೊನ್ನೆ, ಬಣ್ಣ ಒಂದಾದರೆ ಬಿಳುಪು. ಮುಸುಕು ಒಂದು, ಬಣ್ಣ ಸೊನ್ನೆಯಾದರೆ ಪಾರದರ್ಶಕ. ಎರಡೂ ಒಂದಾದರೆ? ಹಿಂದಿರುವ ಬಣ್ಣ ತಲೆಕೆಳಗು! ಇದೆ, ಇಲ್ಲ ಎಂಬ ಎರಡರಿಂದ ಹೊರಟವರು ಕೊನೆಗೆ ‘ನೀನಿರುವುದಕ್ಕೆ ವಿರುದ್ಧವಾಗಿ ನಾನಿದ್ದೇನೆ’ ಎಂಬ ಬಿಂದುವಿನವರೆಗೆ ಬಂದರು. ಇಂಥವರು ಪ್ರತಿ ಮದುವೆಮನೆಯಲ್ಲೂ ಒಬ್ಬರಿರುತ್ತಾರೆ.

ಆದರೂ ಈ ಪದ್ಧತಿಯಲ್ಲಿ ಒಂದು ಬಡತನ. ಬಿಂದು ಇದೆ ಅಥವಾ ಇಲ್ಲ. ಸ್ವಲ್ಪ ಇದೆ ಎನ್ನುವ ಹಾಗಿಲ್ಲ. ಹೀಗಾಗಿ ಎಲ್ಲ ವೃತ್ತಗಳಿಗೂ ಗರಗಸದ ಅಂಚು. ಬಿಡುಗಡೆಯ ದಾರಿ ಆಗಲೇ ಬೇರೆ ಕಡೆ ಸಿದ್ಧವಾಗಿತ್ತು. ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ 1977ರಲ್ಲೇ ಕೆಂಪು, ಹಸಿರು, ನೀಲಿಯ ಜೊತೆಗೆ ನಾಲ್ಕನೆಯದಾಗಿ ಆಲ್ಫಾ ಎಂಬ ವಾಹಿನಿಯನ್ನು ಕೂಡಿಸಿದ್ದರು. ಅದರ ಬೆಲೆ 0 ಆದರೆ ಬಯಲು, 255 ಆದರೆ ಗಟ್ಟಿ, ನಡುವಿನದೆಲ್ಲ ಅರೆಬರೆ. ನಮ್ಮ ತೊಗಲುಗೊಂಬೆಯವರಿಗೆ ಇದು ತಿಳಿದ ಮಾತು: ತೂತು ಹೊಡೆದಲ್ಲಿ ದೀಪ ಪೂರ್ತಿ, ಹದ ಮಾಡಿ ತೆಳುಗೊಳಿಸಿದ ಬಣ್ಣದ ತೊಗಲಿನಲ್ಲಿ ಅರ್ಧ, ಕಡ್ಡಿ ಕಟ್ಟಿದಲ್ಲಿ ಏನೂ ಇಲ್ಲ. 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಒಂದು ಚಿತ್ರದ ಮೇಲೆ ಇನ್ನೊಂದನ್ನು ಕೂಡಿಸುವ ಬಗೆಗಳನ್ನು ಲೆಕ್ಕಹಾಕಿ 12 ಎಂದು ನಿರ್ಣಯಿಸಿದರು. ಐಕಾನಿಗೆ ಬೇಕಾದ್ದು ಅವುಗಳಲ್ಲಿ ಒಂದೇ: ಮೇಲಿನದರ ಬಣ್ಣ ಆಲ್ಫಾದಷ್ಟು, ಕೆಳಗಿನದರ ಬಣ್ಣ ಮಿಕ್ಕಷ್ಟು. ಅವಿಭಕ್ತ ಕುಟುಂಬದಲ್ಲಿ ಹಿರಿಯಣ್ಣ ಉಂಡು ಉಳಿದದ್ದು ತಮ್ಮನಿಗೆ, ಅಷ್ಟೇ. ಉಳಿದ 11ನ್ನು ನಾನು ಈವರೆಗೆ ಬಳಸಿಲ್ಲ, ಆದರೆ ಗೊತ್ತಿದೆ ಎಂದು ಗ್ರಾಹಕರ ಮುಂದೆ ಹೇಳುತ್ತೇನೆ.

ಆಲ್ಫಾಕ್ಕೆ ತಕ್ಕ ಪಾತ್ರೆ ಪಿಎನ್‌ಜಿ. ಅದು ಹುಟ್ಟಿದ್ದು ಜಗಳದಿಂದ. ಜಿಐಎಫ್ ಕಡತದ ಒಳಗಿನ ಸಂಕೋಚನ ವಿಧಾನದ ಪೇಟೆಂಟು ತಮ್ಮದೆಂದು ಯುನಿಸಿಸ್ ಕಂಪನಿ ಹಣ ಕೇಳಲು ಹೊರಟದ್ದು 1994ರ ಕೊನೆಯಲ್ಲಿ; 1995ರ ಜನವರಿಯಲ್ಲೇ ಥಾಮಸ್ ಬೌಟೆಲ್ ಮತ್ತಿತರರು ಬದಲಿ ಕಟ್ಟಲು ಕೂತರು; 1996ರ ಅಕ್ಟೋಬರಿನಲ್ಲಿ ಅದಕ್ಕೆ ಅಧಿಕೃತ ಮನ್ನಣೆ ಸಿಕ್ಕಿತು. ಪ್ರತಿ ಪಿಎನ್‌ಜಿಯೂ ಎಂಟು ಬೈಟಿನ ಮಂಗಳಾಚರಣೆಯಿಂದ ಶುರುವಾಗುತ್ತದೆ: 137, 80, 78, 71, 13, 10, 26, 10. ಇದರಲ್ಲಿ ಒಂದೂ ಸುಮ್ಮನೆ ಬಂದದ್ದಲ್ಲ. 80, 78, 71 ಎಂದರೆ ಪಿ, ಎನ್, ಜಿ. ಎಂಟನೆಯ ಬಿಟ್ಟನ್ನು ನುಂಗುವ ದಾರಿಗಳಿದ್ದ ಕಾಲ ಅದು. ಮೊದಲಿನ 137 ಹಾಳಾಗಿದ್ದರೆ ಕಡತ ಅಂಥ ದಾರಿಯಲ್ಲಿ ಹಾದುಬಂದಿದೆ ಎಂದು ತಿಳಿಯಬೇಕು. 13 ಮತ್ತು 10 ಕದಲಿದ್ದರೆ ಯಾರೋ ಸಾಲುಮುರಿಯುವ ಗುರುತುಗಳನ್ನು ತಿದ್ದಿದ್ದಾರೆ ಎಂದರ್ಥ. ಹೊಸಿಲಲ್ಲೇ ಕಾಲು ತೊಳೆಸಿ, ಎಲ್ಲಿಂದ ಬಂದೆ, ಯಾರ ಮನೆಯಲ್ಲಿ ಉಂಡೆ ಎಂದು ಕೇಳುವ ಅಜ್ಜಿಯ ಮಡಿ ಇದರಲ್ಲಿದೆ.

ಈಗ ಮುಖ್ಯ ಪ್ರಕರಣ. ಪಾರದರ್ಶಕ ಬಿಂದು ಎಂದರೆ ಏನೂ ಇಲ್ಲ ತಾನೇ, ಅದಕ್ಕೇಕೆ ಶಾಸ್ತ್ರ ಎಂದು ಕೇಳುವವರಿಗೆ ವೈಶೇಷಿಕರೇ ಉತ್ತರ ಕೊಟ್ಟಿದ್ದಾರೆ. ಇಲ್ಲದಿರುವುದೂ ಒಂದು ಪದಾರ್ಥ. ಅದರ ಹೆಸರು ಅಭಾವ. ಅದು ನಾಲ್ಕು ಬಗೆ. ಅವರು ಮಡಕೆಯ ಉದಾಹರಣೆ ಕೊಟ್ಟರು. ಕಾಲಕ್ಕೆ ತಕ್ಕಂತೆ ನಾನು ಖಂಜಿರದ ಉದಾಹರಣೆ ಕೊಡುತ್ತೇನೆ. ಸಂಗೀತ ಕಲಿಸುವ ತಂತ್ರಾಂಶವೊಂದಕ್ಕಾಗಿ ಖಂಜಿರದ ಐಕಾನು ಬರೆದುಕೊಟ್ಟು ಈಗಷ್ಟೇ ಕೈ ತೊಳೆದುಕೊಂಡಿದ್ದೇನೆ, ಗಾಯ ಇನ್ನೂ ಹಸಿ.

ಒಂದು, ಪ್ರಾಗಭಾವ: ಹುಟ್ಟುವ ಮುಂಚಿನ ಇಲ್ಲದಿರುವಿಕೆ. ಹೊಸ ಕಡತ ತೆರೆದಾಗ ಕಾಣುವ ಬರಿದು ಇದು. ಇದಕ್ಕೆ ಆದಿಯಿಲ್ಲ, ಅಂತ್ಯವುಂಟು ಎನ್ನುತ್ತಾರೆ ತಾರ್ಕಿಕರು. ಗ್ರಾಹಕ ದಿನಕ್ಕೆ ಮೂರು ಸಲ ಫೋನ್ ಮಾಡಿದರೆ ಅಂತ್ಯ ಬೇಗ ಬರುತ್ತದೆ.

ಎರಡು, ಪ್ರಧ್ವಂಸಾಭಾವ: ಇದ್ದದ್ದು ನಾಶವಾಗಿ ಉಂಟಾದ ಇಲ್ಲದಿರುವಿಕೆ. ರಬ್ಬರಿನಿಂದ ಒರೆಸಿದ ಜಾಗ. ಇದು ಮೊದಲನೆಯದರಂತೆಯೇ ಕಾಣುತ್ತದೆ, ಆದರೆ ಅಪಾಯವೆಲ್ಲ ಇರುವುದು ಇಲ್ಲಿಯೇ. ಪಿಎನ್‌ಜಿಯ ವಿಧಿಯಂತೆ ಬಣ್ಣವನ್ನೂ ಆಲ್ಫಾವನ್ನೂ ಗುಣಿಸದೆ ಬೇರೆ ಬೇರೆಯಾಗಿ ಇಡಬೇಕು. ಹಾಗಾಗಿ ಆಲ್ಫಾ ಸೊನ್ನೆಯಾದ ಬಿಂದುವಿನ ಹೊಟ್ಟೆಯಲ್ಲಿ ಹಳೆಯ ಬಣ್ಣ ಹಾಗೇ ಉಳಿದಿರಬಹುದು. ಕಣ್ಣಿಗೆ ಬಯಲು, ಒಳಗೆ ಬಿಳುಪು. ಅದನ್ನು ನಂಬಿ ಚಿತ್ರವನ್ನು ಕುಗ್ಗಿಸಲು ಹೋದರೆ, ತಿಳಿಗೇಡಿ ತಂತ್ರಾಂಶ ಅಕ್ಕಪಕ್ಕದ ಬಿಂದುಗಳ ಸರಾಸರಿ ತೆಗೆಯುವಾಗ ಆ ಸತ್ತ ಬಿಳುಪನ್ನೂ ಪಂಕ್ತಿಗೆ ಕೂರಿಸುತ್ತದೆ. ಚಿತ್ರದ ಸುತ್ತ ಬಿಳಿಯ ಗೆರೆ ಹೊರಡುತ್ತದೆ. ಊರಿನ ಸರ್ಕಲ್ಲಿನಲ್ಲಿ ನಿಂತ ಫ್ಲೆಕ್ಸುಗಳಲ್ಲಿ ಮುಖಂಡರ ತಲೆಯ ಸುತ್ತ ಕಾಣುವ ಪ್ರಭಾವಳಿಗೆ ತಪಸ್ಸು ಕಾರಣವಲ್ಲ. ಅವರನ್ನು ಅವಸರದಲ್ಲಿ ಬಿಳಿ ಗೋಡೆಯಿಂದ ಕತ್ತರಿಸಿ ತಂದಾಗ ಗೋಡೆಯೂ ಅಷ್ಟಿಷ್ಟು ಹಿಂಬಾಲಿಸಿ ಬಂದಿದೆ. ಪ್ರಾಯಶ್ಚಿತ್ತವೇನೆಂದರೆ, ಕುಗ್ಗಿಸುವ ಮೊದಲು ಬಣ್ಣವನ್ನು ಆಲ್ಫಾದಿಂದ ಗುಣಿಸಿಕೊಳ್ಳುವುದು. ಸೊನ್ನೆಯಿಂದ ಗುಣಿಸಿದರೆ ಎಂಥ ಪೂರ್ವವಾಸನೆಯೂ ಸೊನ್ನೆ.

ಮೂರು, ಅತ್ಯಂತಾಭಾವ: ಹಿಂದೆ ಇರಲಿಲ್ಲ, ಈಗಿಲ್ಲ, ಮುಂದೆಯೂ ಇರುವುದಿಲ್ಲ. ಖಂಜಿರ ದುಂಡು, ಕಡತ ಚೌಕ. ನಾಲ್ಕು ಮೂಲೆಗಳಲ್ಲಿ ಯಾರೂ ಯಾವತ್ತೂ ಏನನ್ನೂ ಬರೆಯುವುದಿಲ್ಲ. ಇದನ್ನು ನೆನಪಿನಲ್ಲಿಡಿ, ಕೊನೆಯಲ್ಲಿ ಕೆಲಸಕ್ಕೆ ಬರುತ್ತದೆ.

ನಾಲ್ಕು, ಅನ್ಯೋನ್ಯಾಭಾವ: ಇದು ಅದಲ್ಲ, ಅದು ಇದಲ್ಲ ಎಂಬುದು. ಬಯಲನ್ನು ತೋರಿಸಲು ಚಿತ್ರ ತಂತ್ರಾಂಶಗಳು ಬೂದು-ಬಿಳಿ ಚೌಕಳಿಯನ್ನು ಹಾಸುತ್ತವೆ. ಚೌಕಳಿ ಬಯಲಲ್ಲ, ಬಯಲಿನ ಸಂಕೇತ. ಆದರೆ ಇಂಟರ್‌ನೆಟ್ಟಿನಲ್ಲಿ ‘ಪಾರದರ್ಶಕ’ ಎಂದು ಹುಡುಕಿ ಇಳಿಸಿಕೊಂಡ ಚಿತ್ರವನ್ನು ತಂದು ನೋಡಿ, ಅರ್ಧಕ್ಕರ್ಧ ಅದರಲ್ಲಿ ಚೌಕಳಿಯೇ ಬಣ್ಣವಾಗಿ ಅಚ್ಚೊತ್ತಿರುತ್ತದೆ. ಹಗ್ಗವನ್ನು ಹಾವೆಂದು ತಿಳಿದವರ ಕಥೆ ಕೇಳಿದ್ದೇವೆ. ಇಲ್ಲಿ ಸಂಕೇತವೇ ಶರೀರ ಧರಿಸಿ ಬಂದು, ಗಣಪತಿಯ ಹಿಂದೆ ಲುಂಗಿ ಒಣಹಾಕಿದಂತೆ ನಿಲ್ಲುತ್ತದೆ. ಈ ಭ್ರಾಂತಿಗೆ ಜ್ಞಾನದಿಂದ ನಿವೃತ್ತಿಯಿಲ್ಲ. ಕೈಯಿಂದಲೇ ಕೆರೆದು ತೆಗೆಯಬೇಕು, ಗಂಟೆಗಟ್ಟಲೆ.

ವೈಶೇಷಿಕರು ಬಿಟ್ಟುಹೋದ ಐದನೆಯದೊಂದಿದೆ: ಅಂಚಿನ ಬಿಂದು. ಇದು ಭಾವವೂ ಅಲ್ಲ, ಅಭಾವವೂ ಅಲ್ಲ. ವ್ಯಾಕರಣದಲ್ಲಿ ಶಿಥಿಲದ್ವಿತ್ವವೆಂಬುದು ಬರೆಯುವಾಗ ಒತ್ತಕ್ಷರವಾಗಿದ್ದೂ ಉಚ್ಚಾರದಲ್ಲಿ ತೇಲಿ, ಹಿಂದಿನ ಅಕ್ಷರವನ್ನು ಗುರು ಮಾಡದೆ ಹೋಗುತ್ತದಲ್ಲ, ಇದೂ ಹಾಗೆಯೇ. ಆಲ್ಫಾ 170, 90, 40 ಎಂದು ಮೆಲ್ಲಗೆ ಇಳಿಯುತ್ತ ವೃತ್ತವನ್ನು ಬಯಲಿಗೆ ಒಪ್ಪಿಸುತ್ತದೆ. ಇಡೀ ಐಕಾನಿನ ಮಾನ ಈ ಒಂದೆಳೆ ಸಾಲಿನಲ್ಲಿದೆ. ಇದರಲ್ಲಿ ಎರಡು ಜಾತಿ. ಬೇಕೆಂದು ಇಟ್ಟ ಶಿಥಿಲ ಶುದ್ಧ. ಗೆರೆಯನ್ನು ಪಿಕ್ಸೆಲಿನ ಗಡಿಗೆ ಸರಿಯಾಗಿ ಕೂರಿಸದೆ ಅರ್ಧ ಆಚೆ ಅರ್ಧ ಈಚೆ ಬಿಟ್ಟಾಗ, ಒಂದು ಕಪ್ಪು ಗೆರೆ ಎರಡು ಬೂದು ಗೆರೆಗಳಾಗಿ ಒಡೆಯುವುದು ಅಶುದ್ಧ. ಪಾಲಾದ ಮನೆಯಲ್ಲಿ ಎರಡು ಕಡೆಯೂ ದೀಪ ಮಂಕು.

ನೆರಳನ್ನೂ ಈ ವರ್ಗದಲ್ಲೇ ಎಣಿಸಬೇಕು. ನೆರಳೆಂದರೆ ಬಣ್ಣ ಕಪ್ಪು, ಇರವು ಕಡಿಮೆ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಆಲ್ಫಾ ಸಹಿತ ಐಕಾನನ್ನು ತಂದಾಗ ಬೆಳಕು ಎಡ ಮೇಲಿನಿಂದ ಬರಬೇಕೆಂದು ಅದರ ಕೈಪಿಡಿ ವಿಧಿಸಿತು. ಅದೇ ವರ್ಷದ ಮ್ಯಾಕ್ ಓಎಸ್ ಟೆನ್ ಇನ್ನೂ ಮುಂದೆ ಹೋಗಿ ದೃಷ್ಟಿಕೋನವನ್ನೇ ವರ್ಣಾಶ್ರಮವಾಗಿಸಿತು: ದೊಡ್ಡ ತಂತ್ರಾಂಶದ ಐಕಾನು ಮುಂದಿನ ಮೇಜಿನ ಮೇಲಿಟ್ಟ ವಸ್ತುವಿನಂತೆ ಓರೆಯಾಗಿ, ಸಣ್ಣ ಉಪಕರಣದ ಐಕಾನು ಎದುರಿನ ಕಪಾಟಿನಲ್ಲಿಟ್ಟಂತೆ ನೇರವಾಗಿ. ಲಿನಕ್ಸ್‌ನವರ ಟ್ಯಾಂಗೋ ಯೋಜನೆ 2005ರಲ್ಲಿ ಬಂದು, ಪ್ರತಿ ಆಕಾರಕ್ಕೂ ಒಂದು ಗಾಢ ಹೊರಗೆರೆ, ಅದರೊಳಗೊಂದು ತಿಳಿಗೆರೆ, ಬಣ್ಣ ಇಷ್ಟೇ ಎಂದು ಮಿತಾಹಾರ ಬೋಧಿಸಿತು. ಮೂರು ಮಠಗಳ ಐಕಾನನ್ನೂ ಒಂದೇ ಡೆಸ್ಕ್‌ಟಾಪಿನಲ್ಲಿ ಇಟ್ಟರೆ ಒಂದು ಊರಿಗೆ ಮೂರು ಸೂರ್ಯ.

ಪರಿಮಾಣ ಪ್ರಕರಣಕ್ಕೆ ಬರೋಣ. ಎಕ್ಸ್‌ಪಿಯಲ್ಲಿ ಮೂರು ಅಳತೆ: 48, 32, 16. ಹಳೆಯ ಯಂತ್ರಗಳಿಗೂ ಸಲ್ಲಲೆಂದು ಒಂದೊಂದಕ್ಕೂ ಮೂರು ಬಣ್ಣದ ಮಟ್ಟ. ಹೀಗೆ ಒಂದು ಐಕಾನ್ ಕಡತದಲ್ಲಿ 9 ಚಿತ್ರ. ವಿಸ್ಟಾ ಬಂದಾಗ 256ರ ಅಳತೆ ಬಂತು, ಸಂಕೋಚಿಸದಿದ್ದರೆ ಅದೊಂದಕ್ಕೇ 2,62,144 ಬೈಟು. ಆದ್ದರಿಂದ ಐಕಾನ್ ಕಡತದ ಹೊಟ್ಟೆಯೊಳಗೆ ಪಿಎನ್‌ಜಿಯನ್ನೇ ಇಡಬಹುದೆಂದರು. ಇಲ್ಲೊಂದು ಸೋಜಿಗವಿದೆ. ಐಕಾನ್ ಕಡತದಲ್ಲಿ ಅಗಲ ಬರೆಯಲು ಒಂದೇ ಬೈಟಿನ ಜಾಗ. ಅದರಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 255. ಹಾಗಾದರೆ 256 ಅಗಲದ ಚಿತ್ರಕ್ಕೆ ಏನು ಬರೆಯಬೇಕು? ಸೊನ್ನೆ! ಎಲ್ಲಕ್ಕಿಂತ ದೊಡ್ಡದನ್ನು ಸೊನ್ನೆಯೆಂದು ಬರೆಯುವ ಈ ಕ್ರಮವನ್ನು ಕಂಡಾಗ ಅದನ್ನು ಮಾಡಿದವರಲ್ಲಿ ಒಬ್ಬರಾದರೂ ಪೂರ್ವಜನ್ಮದಲ್ಲಿ ವೇದಾಂತಿಯಾಗಿದ್ದರು ಎನಿಸಿತು.

ಮ್ಯಾಕ್ 128ರಿಂದ ಹೊರಟು 2007ರಲ್ಲಿ 512ಕ್ಕೆ, ಆಮೇಲೆ 1024ಕ್ಕೆ ಏರಿತು. ಕುಸುರಿಯ ಸುವರ್ಣಯುಗ ಅದು. ಟೆಕ್ಸ್ಟ್‌ಎಡಿಟ್ ಐಕಾನಿನ ಕಾಗದದ ಮೇಲೆ ಬರೆದಿದ್ದ ಪತ್ರವನ್ನು ಹಿಗ್ಗಿಸಿ ನೋಡಿದರೆ ಓದಬಹುದಿತ್ತು. ಅದು ಆಪಲ್ ಕಂಪನಿಯ 1997ರ ಜಾಹೀರಾತಿನ ಮಾತು. ಸಾಸಿವೆ ಕಾಳಿನಷ್ಟು ಜಾಗದಲ್ಲಿ ಅದನ್ನು ಬರೆದವರಿಗೆ ನನ್ನ ಸಾಷ್ಟಾಂಗ.

ಆದರೆ 256ರ ಐಶ್ವರ್ಯ 16ರಲ್ಲಿ ನಡೆಯದು, ಮತ್ತು ದೊಡ್ಡದನ್ನು ಕುಗ್ಗಿಸಿದರೆ ಸಣ್ಣದಾಗುತ್ತದೆ ಎಂಬುದು ಲೋಕದ ದೊಡ್ಡ ಸುಳ್ಳು. ನನ್ನ ಖಂಜಿರ 256ರಲ್ಲಿ ಭವ್ಯವಾಗಿತ್ತು. ಹಲಸಿನ ಮರದ ಬಳೆಯಲ್ಲಿ ಎಳೆ ಎಳೆ ಕಾಣುತ್ತಿತ್ತು, ಗೆಜ್ಜೆಯ ಬಿಲ್ಲೆಯಲ್ಲಿ ಕಿಟಕಿಯ ಬಿಂಬವಿತ್ತು, ಚರ್ಮದ ಮೇಲೆ ಉಡದ ಹುರುಪೆಯನ್ನು ಒಂದೊಂದಾಗಿ ಕೂರಿಸಿದ್ದೆ. ನಿಜವಾದ ಉಡವನ್ನು ಕಾನೂನು ಕಾಯುತ್ತದೆ. ಪಿಎನ್‌ಜಿ ಉಡಕ್ಕೆ ಕಾಯುವವರಿಲ್ಲ ಎಂಬ ಧೈರ್ಯ. ಅದನ್ನೇ 16ಕ್ಕೆ ಕುಗ್ಗಿಸಿ ಕಳಿಸಿದೆ. ಹುರುಪೆಗಳು ಕಡಲೆಬೇಳೆಯಾದವು, ಗೆಜ್ಜೆ ಕರಿಬೇವಿನ ಚೂರಾಯಿತು, ಬಳೆ ಕರಿದ ಅಂಚಾಯಿತು. ಗ್ರಾಹಕನ ಕಚೇರಿಯಲ್ಲಿ ಆ ತಂತ್ರಾಂಶಕ್ಕೆ ಈಗಲೂ ನಿಪ್ಪಟ್ಟು ಎಂದೇ ಹೆಸರು. 16ರಲ್ಲಿ ಖಂಜಿರ ಬೇಕಾದರೆ ಹುರುಪೆಯನ್ನು ಪೂರ್ತಿ ಬಿಟ್ಟು, ಬಳೆಯನ್ನು ಒಂದು ಗಾಢ ಉಂಗುರ ಮಾಡಿ, ಗೆಜ್ಜೆಯನ್ನು ಇದ್ದದ್ದಕ್ಕಿಂತ ದೊಡ್ಡದಾಗಿ ಎರಡು ಹಳದಿ ಬಿಂದುಗಳಲ್ಲಿ ಇಟ್ಟು, ಹೊಸದಾಗಿಯೇ ಬರೆಯಬೇಕಿತ್ತು. ಆಮೇಲೆ ಬರೆದೆ. ಹೆಸರು ಮಾತ್ರ ಹೋಗಲಿಲ್ಲ. ಐಕಾನಿನಲ್ಲಿ ಅಕ್ಷರ ಇಡಿ, ಗೊಂದಲವಿರುವುದಿಲ್ಲ ಎಂಬ ಸಲಹೆಯೂ ಬಂತು. ಆ 16ರ ಚೌಕದಲ್ಲಿ ಪ, ವ, ಷ ಮೂರೂ ಒಂದೇ ತಾಯಿಯ ಮಕ್ಕಳು. ಒತ್ತಕ್ಷರದ ಮಾತೇ ಬೇಡ.

ದೋಷಗಳಲ್ಲಿ ಪ್ರಾಚೀನವೊಂದನ್ನು ದಾಖಲೆಗಾಗಿ ಹೇಳಿ ಮುಗಿಸುತ್ತೇನೆ. 2001ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6ಕ್ಕೆ ಪಿಎನ್‌ಜಿಯ ಆಲ್ಫಾ ಅರ್ಥವಾಗುತ್ತಿರಲಿಲ್ಲ. ಬಯಲಿದ್ದಲ್ಲಿ ಬೂದು ಚೌಕ ತೋರಿಸುತ್ತಿತ್ತು. 2006ರಲ್ಲಿ 7 ಬರುವವರೆಗೆ ನಮ್ಮ ವೃತ್ತಿಯವರು ಪಟ್ಟ ಪಾಡನ್ನು ಇಲ್ಲಿ ವಿಸ್ತರಿಸಿದರೆ ಕರುಣರಸ ಮಿತಿಮೀರುತ್ತದೆ.

ಇನ್ನು ಪೂರ್ವಪಕ್ಷ. ಪೂರ್ವಪಕ್ಷಿ ನನ್ನ ತಂಗಿಯ ಮಗ. “ಮಾವ, ಈಗ ಯಾರು ನೆರಳು ಹಾಕ್ತಾರೆ? ಎಲ್ಲ ಚಪ್ಪಟೆ ಆಗಿ ಹತ್ತು ವರ್ಷದ ಮೇಲಾಯ್ತು” ಎನ್ನುತ್ತಾನೆ. ಅವನ ಮಾತಿಗೆ ಪ್ರಮಾಣವುಂಟು: 2012ರಲ್ಲಿ ವಿಂಡೋಸ್ 8, 2013ರಲ್ಲಿ ಐಓಎಸ್ 7, 2014ರಲ್ಲಿ ಮ್ಯಾಕ್‌ನ ಯೋಸೆಮಿಟಿ. ಚರ್ಮ, ಮರ, ಗಾಜು ಎಲ್ಲ ಹೋಗಿ ಬಣ್ಣದ ಕಾಗದ ಉಳಿಯಿತು. 2020ರ ಬಿಗ್ ಸರ್‌ನಲ್ಲಂತೂ ಮ್ಯಾಕ್‌ನ ಐಕಾನುಗಳೆಲ್ಲ ಮೂಲೆ ಸವೆಸಿದ ಒಂದೇ ಅಳತೆಯ ಚೌಕದೊಳಗೆ ಕೂತವು. “ಹಾಗಾದ್ರೆ ನಿಮ್ಮ ಲಕ್ಷಣ ಬಿದ್ದುಹೋಯ್ತಲ್ಲ, ಐಕಾನು ಚೌಕವಾಗೇ ಕಾಣ್ತಿದೆ” ಎಂದ. ಮೂಲೆ ಸವೆದಿದೆಯಲ್ಲಪ್ಪ, ಅಲ್ಲಿ ಏನಿದೆ ಎಂದು ಕೇಳಿದೆ. ಇಣುಕಿ ನೋಡಿದ. “ಏನೂ ಇಲ್ಲ.” ಅದೇ, ಎಂದೆ. ಹುಡುಗ ಬುದ್ಧಿವಂತ, ಒಪ್ಪಿಕೊಳ್ಳದೆ ಕಾಫಿ ಕುಡಿಯಲು ಎದ್ದುಹೋದ.

ಖಂಜಿರದ ಬಿಲ್ಲು ಕಳಿಸಿದಾಗ ಗ್ರಾಹಕನ ಲೆಕ್ಕದವರು ಫೋನ್ ಮಾಡಿದರು. “ಸಾರ್, ಚಿತ್ರದ ಮೂಲೆಗಳೆಲ್ಲ ಖಾಲಿ ಇದೆಯಲ್ಲ, ಅದಕ್ಕೂ ಸೇರಿಸಿ ಚಾರ್ಜ್ ಮಾಡಿದ್ದೀರಾ?” ನಾನು ಶಾಸ್ತ್ರಬದ್ಧವಾಗಿ ಉತ್ತರ ಬರೆದೆ. 256ರ ಚೌಕದಲ್ಲಿ ಒಟ್ಟು ಬಿಂದುಗಳು 65,536. ಅದರೊಳಗೆ ಹಿಡಿಸುವ ದೊಡ್ಡ ವೃತ್ತಕ್ಕೆ ಸುಮಾರು 51,472. ಮಿಕ್ಕ 14,064 ಬಿಂದುಗಳು ಅತ್ಯಂತಾಭಾವ. ಅಭಾವವೂ ಪದಾರ್ಥವಾದ್ದರಿಂದ, ಮತ್ತು ಅವಿಲ್ಲದಿದ್ದರೆ ತಮ್ಮ ಖಂಜಿರ ಅಂಚೆಚೀಟಿಯಂತೆ ಕಾಣುತ್ತಿದ್ದುದರಿಂದ, ಪೂರ್ತಿ ಮೊತ್ತ ಸಲ್ಲತಕ್ಕದ್ದು. ಅವರು ವಾದಕ್ಕೆ ಬರಲಿಲ್ಲ. ನೂರಕ್ಕೆ 78 ರೂಪಾಯಿಯ ಲೆಕ್ಕದಲ್ಲಿ, ವೃತ್ತದೊಳಗಿನದಕ್ಕೆ ಮಾತ್ರ ಹಣ ಹಾಕಿದರು. ಉಳಿದದ್ದು ಇನ್ನೂ ಬಂದಿಲ್ಲ. ಅದರ ಇಲ್ಲದಿರುವಿಕೆ ಪ್ರಾಗಭಾವವೆಂದು ನಾನು, ಅತ್ಯಂತಾಭಾವವೆಂದು ತಂಗಿಯ ಮಗ.